ಬಿಳಿ ರವಿಕೆ

ಸೀರೆ ಕೊಳ್ಳುವುದು ಸಂಸಾರದ ಕೆಲಸ. ರವಿಕೆ ಕೊಳ್ಳುವುದು ಸ್ವಂತದ ಕೆಲಸ. ಸೀರೆಯಂಗಡಿಯಲ್ಲಿ ಗಂಡ, ಅತ್ತೆ, ನಾದಿನಿ, ಜೊತೆಗೆ ಬಂದ ಎದುರು ಮನೆಯಾಕೆ, ಕೊನೆಗೆ ಆಟೋದವನೂ ಬಾಗಿಲಲ್ಲಿ ನಿಂತು ತನ್ನದೊಂದು ಮಾತು ಸೇರಿಸುತ್ತಾನೆ. ರವಿಕೆ ಬಟ್ಟೆಯ ಸರದಿ ಬಂದೊಡನೆ ಇವರೆಲ್ಲರಿಗೂ ಕಾಫಿಯ ನೆನಪಾಗುತ್ತದೆ. ಆದ್ದರಿಂದ ಒಬ್ಬ ಹೆಂಗಸಿನ ಅಭಿರುಚಿ ಎಂಥದೆಂದು ತಿಳಿಯಬೇಕಾದರೆ ಆಕೆಯ ಸೀರೆಯನ್ನು ನೋಡಬಾರದು, ರವಿಕೆಯನ್ನು ನೋಡಬೇಕು ಎಂಬುದು ನನ್ನ ಮತ. ಅದರಲ್ಲಿಯೂ ಬಿಳಿ ರವಿಕೆಯನ್ನು.

"ಬಿಳಿ ರವಿಕೆಯಲ್ಲಿ ಆರಿಸುವುದೇನಿದೆ? ಬಿಳಿ ಎಂದರೆ ಬಿಳಿ ತಾನೆ?" ಎಂದು ಕೇಳುವವರುಂಟು. ಅನ್ನ ಮಾಡುವುದರಲ್ಲಿ ಏನಿದೆ ಎಂದು ಕೇಳುವವರೂ ಇವರೇ. ಪಲಾವಿನಲ್ಲಿ ಏನು ತಪ್ಪಿದರೂ ಮಸಾಲೆ ಕಾಪಾಡುತ್ತದೆ. ಬರಿಯ ಅನ್ನದಲ್ಲಿ ಒಂದು ಅಗುಳು ಕೆಟ್ಟರೂ ಗೊತ್ತಾಗುತ್ತದೆ. ಹೂವಿನ ರವಿಕೆಯಲ್ಲಿ ದರ್ಜಿಯ ಸೊಟ್ಟ ಹೊಲಿಗೆ ಬಳ್ಳಿಯಾಗಿ ಬೆಳೆದುಕೊಳ್ಳುತ್ತದೆ. ಬಿಳಿಯಲ್ಲಿ ಅಂಥ ಅಡಗುದಾಣವಿಲ್ಲ.

ನಾನು ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಪಡೆದದ್ದು ಓದಿನಿಂದಲ್ಲ, ಬಡತನದಿಂದ. 1974ರಲ್ಲಿ ನಾಗಮಂಗಲದ ಕಡೆಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿದಾಗ ನನ್ನ ಬಳಿ ಇದ್ದುದು ಐದು ಸೀರೆ, ಮೂರು ರವಿಕೆ. ಸೀರೆಗೊಂದು ರವಿಕೆ ಎಂಬ ಲೆಕ್ಕ ಆಗ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಸೀರೆಯ ಸೆರಗಿನ ಕೊನೆಗೇ ರವಿಕೆಯ ತುಂಡು ಅಂಟಿಕೊಂಡು ಬರುವ ಸುಖವಾಗಲಿ, ನೂರೆಂಟು ಬಣ್ಣದ ಸುರುಳಿಗಳನ್ನು ಗೋಡೆಯ ತುಂಬ ಜೋಡಿಸಿಟ್ಟ 'ಮ್ಯಾಚಿಂಗ್ ಸೆಂಟರ್' ಎಂಬ ದೇವಸ್ಥಾನವಾಗಲಿ ನಮಗಿರಲಿಲ್ಲ. ಐದು ಸೀರೆಗೂ ಹೊಂದುವ ಒಂದೇ ಬಣ್ಣ ಬಿಳಿ. ನನ್ನಂಥ ಎಷ್ಟೋ ಮಂದಿ ಮೇಷ್ಟರಮ್ಮಂದಿರು, ನರ್ಸುಗಳು, ಕಚೇರಿಯ ಟೈಪಿಸ್ಟುಗಳು ಬಿಳಿ ರವಿಕೆಯ ಬಲದಿಂದಲೇ ಆ ಕಾಲವನ್ನು ಮಾನವಾಗಿ ದಾಟಿದೆವು. ಆಮೇಲೆ ಸಂಬಳ ಹೆಚ್ಚಿತು, ಸೀರೆಗಳು ಹೆಚ್ಚಿದವು. ರವಿಕೆ ಮಾತ್ರ ಬಿಳಿಯಾಗಿಯೇ ಉಳಿಯಿತು. ಅನಿವಾರ್ಯವಾಗಿ ಬಂದದ್ದು ಅಭ್ಯಾಸವಾಯಿತು, ಅಭ್ಯಾಸ ಪ್ರೀತಿಯಾಯಿತು. 2011ರಲ್ಲಿ ನಿವೃತ್ತಳಾಗುವವರೆಗೆ ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ನನ್ನನ್ನು ಬೆನ್ನ ಹಿಂದೆ ಕರೆಯುತ್ತಿದ್ದುದೇ 'ಬಿಳಿ ಮಿಸ್ಸು' ಎಂದು.

ಈಗ ಆರಿಸುವ ವಿಚಾರ. ಮೊದಲನೆಯದಾಗಿ, ಬಿಳಿ ಒಂದಲ್ಲ. ಹಾಲಿನ ಬಿಳಿ ಬೇರೆ, ಮೊಸರಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ಬೆಣ್ಣೆಯ ಬಿಳಿ ಬೇರೆ. ಮಲ್ಲಿಗೆಯನ್ನೂ ಸುಗಂಧರಾಜವನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಬಿಳುಪಿಗೆ ಕಾರಣ ನೂಲಲ್ಲ, ಗಿರಣಿಯಲ್ಲಿ ಬಟ್ಟೆಗೆ ಊಡುವ ಹೊಳಪಿನ ರಸಾಯನ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಬಿಸಿಲಿನಲ್ಲಿ ಆ ಕಿರಣ ಹೇರಳ; ಅಂಗಡಿಯ ದೀಪದಲ್ಲಿ ಅಷ್ಟಿಲ್ಲ. ಆದ್ದರಿಂದ ಒಳಗೆ ಸಾಧುವಾಗಿ ಕಂಡ ಬಟ್ಟೆ ಬೀದಿಗೆ ಬಂದೊಡನೆ ಮುಖಕ್ಕೆ ಹೊಡೆಯುವುದುಂಟು. ಅಂಗಡಿಯವನು ಏನಾದರೂ ಅಂದುಕೊಳ್ಳಲಿ, ಬಟ್ಟೆಯನ್ನು ಬಾಗಿಲ ಬಳಿಗೆ ತಂದು, ಹಗಲಿನ ಬೆಳಕಿನಲ್ಲಿ ಗಲ್ಲದ ಕೆಳಗೆ ಹಿಡಿದು ಕನ್ನಡಿ ನೋಡಬೇಕು. ನೋಡಬೇಕಾದದ್ದು ಬಟ್ಟೆಯನ್ನಲ್ಲ, ಮುಖವನ್ನು. ಮುಖ ಬೆಳಗಿದರೆ ಅದು ನಿಮ್ಮ ಬಿಳಿ. ಮುಖ ಬಾಡಿ, ಬಟ್ಟೆ ಮಾತ್ರ ಬೆಳಗಿದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಕಪ್ಪಗಿರುವವರಿಗೆ ಬಿಳಿ ಒಪ್ಪುವುದಿಲ್ಲ ಎಂಬ ಮಾತೊಂದಿದೆ. ನಾನು ನೇರಳೆ ಹಣ್ಣಿನಷ್ಟಲ್ಲದಿದ್ದರೂ ಹುಣಿಸೇ ಹಣ್ಣಿನಷ್ಟು ಕಪ್ಪು. ಈ ಮಾತನ್ನು ಮದುವೆಗೆ ಮುಂಚೆ ಅತ್ತೆಯಂದಿರಿಂದಲೂ, ಮದುವೆಯಾದ ಮೇಲೆ ಅತ್ತೆಯಿಂದಲೂ ಕೇಳಿದ್ದೇನೆ. ಇದು ಶುದ್ಧ ಸುಳ್ಳು. ಕರಿಯ ಹಲಗೆಯ ಮೇಲಲ್ಲವೇ ಸೀಮೆಸುಣ್ಣ ಕಾಣುವುದು? ಕಪ್ಪು ಮೈಗೆ ಒಪ್ಪದಿರುವುದು ಬಿಳಿಯಲ್ಲ, ನೀಲಿ ಸೇರಿದ ಸುಣ್ಣದ ಬಿಳಿ. ಕೆನೆಯ ಕಡೆಗೆ, ಬೆಣ್ಣೆಯ ಕಡೆಗೆ ವಾಲಿದ ಬಿಳಿ ಇಂಥ ಮೈಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಚಲುವೆ ಮಾಡದ ಕೋರಾ ಬಟ್ಟೆಯಂತೂ ಇನ್ನೂ ಚೆನ್ನ.

ಎರಡನೆಯದು ಬಟ್ಟೆಯ ಜಾತಿ. ಮಲ್ಲು ಬೇಸಗೆಗೆ ಸುಖ, ಆದರೆ ತೀರ ತೆಳು. ವಾಯಿಲ್ ಜೋಲಾಡುತ್ತದೆ. ಪಾಪ್ಲಿನ್ ಗಟ್ಟಿ, ಆದರೆ ಕಂಕುಳಲ್ಲಿ ರೊಟ್ಟಿಯ ಹಾಗೆ ನಿಲ್ಲುತ್ತದೆ. ಕೇಂಬ್ರಿಕ್ ನಡುವಿನದು. 'ಟೂ ಬೈ ಟೂ' ರುಬಿಯಾ ಎಂದು ಮಾರುತ್ತಾರಲ್ಲ, ಅದರ ಅರ್ಥ ಇಷ್ಟೇ: ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಎರಡೆಳೆ ಹುರಿ ಮಾಡಿದ ನೂಲು. ಅದಕ್ಕೇ ಅದು ತೆಳುವಾಗಿದ್ದೂ ಬಾಳಿಕೆ ಬರುತ್ತದೆ. ಬಟ್ಟೆಯ ಕೆಳಗೆ ಅಂಗೈ ಇಟ್ಟು ನೋಡಿ. ಹಸ್ತರೇಖೆ ಓದುವ ಹಾಗಿದ್ದರೆ ಅಸ್ತರು ಬೇಕು. ಇನ್ನೊಂದು ಗುಟ್ಟು: ಬಿಳಿಯ ಕೆಳಗೆ ಬಿಳಿ ಒಳಉಡುಪು ಕಾಣದು ಎಂದು ಎಷ್ಟೋ ಮಂದಿ ನಂಬಿದ್ದಾರೆ. ಬಿಳಿಯ ಕೆಳಗೆ ಬಿಳಿಯೇ ಎದ್ದು ಕಾಣುವುದು. ಮೈಬಣ್ಣಕ್ಕೆ ಹತ್ತಿರವಾದದ್ದು ಕಾಣುವುದಿಲ್ಲ. ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನೂ ಅಸ್ತರನ್ನೂ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಂದು ಕುಗ್ಗಿ, ಇನ್ನೊಂದು ಕುಗ್ಗದೆ, ಎರಡೂ ಜಗಳವಾಡಿದ ಓರಗಿತ್ತಿಯರ ಹಾಗೆ ಮುಖ ತಿರುಗಿಸಿಕೊಳ್ಳುತ್ತವೆ.

ಮೂರನೆಯದು ಹೊಲಿಗೆ. ನಮ್ಮೂರ ದರ್ಜಿಗಳು ಒಳ್ಳೆಯವರು. ಆದರೆ ಬಿಳಿ ಬಟ್ಟೆ ಕಂಡರೆ ಅವರಿಗೆ ಉದಾಸೀನ.

"ಟೀಚರಮ್ಮ, ಬಿಳೀದಕ್ಕೆ ಏನ್ ಅಳತೆ ತಗೀಬೇಕು ಬುಡಿ, ಹಳೇದೇ ಅದೆ" ಎಂದರು ನಮ್ಮ ದರ್ಜಿ ಒಮ್ಮೆ.

"ನಾನು ಹಳೇ ಅಳತೇಲೇ ಇದೀನೇನಪ್ಪ?"

ಅವರು ಒಮ್ಮೆ ನೋಡಿ, ಮಾತಾಡದೆ ಟೇಪು ತೆಗೆದರು.

ಕುತ್ತಿಗೆ ಗಿಡ್ಡವಾಗಿದ್ದವರು ಕೊರಳನ್ನು ಸ್ವಲ್ಪ ಇಳಿಸಿ ಹೊಲಿಸಬೇಕು. ಉದ್ದ ಕುತ್ತಿಗೆಯವರಿಗೆ ಏರುಕೊರಳೂ ಚೆಂದ. ತೋಳಿನ ಅಂಚು ತೋಳಿನ ಅತಿ ದಪ್ಪನೆಯ ಜಾಗದಲ್ಲಿ ನಿಲ್ಲಬಾರದು. ನಿಂತರೆ ನೋಡುವವರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಮೊಣಕೈಗೆ ನಾಲ್ಕು ಬೆರಳು ಮೇಲೆ ಬಂದರೆ ಸಾಮಾನ್ಯವಾಗಿ ಎಲ್ಲರಿಗೂ ಕ್ಷೇಮ. ಕರಿಯ ಹಲಗೆಯ ಮೇಲಿನ ಸಾಲಿನಲ್ಲಿ ಬರೆಯಬೇಕಾದವರು ತೋಳೆತ್ತಿ ನೋಡಿ ಅಳತೆ ಕೊಡಬೇಕು. ನೂಲು ಬಟ್ಟೆಯ ಬಿಳಿಗೇ ಹೊಂದಬೇಕು. ಕೋರಾ ಬಟ್ಟೆಗೆ ಹಾಲುಬಿಳಿ ದಾರ ಹಾಕಿದರೆ ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ಬಿಳಿ ರವಿಕೆಯ ಅಲಂಕಾರವೆಲ್ಲ ಅದರ ಅಳತೆಯಲ್ಲಿದೆ. ಅದಕ್ಕೆ ಜರಿ, ಮಣಿ, ಲೇಸು ಎಂದು ಹೊರಿಸಿದರೆ ಅದು ನಾಚಿಕೊಳ್ಳುತ್ತದೆ. ನಮ್ಮೂರ ದೇವರ ಹೆಸರು ಸೌಮ್ಯಕೇಶವ. ಹೊಯ್ಸಳರ ಕಾಲದ ಗುಡಿ, ನಕ್ಷತ್ರದಾಕಾರದ ಜಗತಿ. ಆದರೂ ಬೇಲೂರಿನ ಆ ಅಲಂಕಾರದ ಸಂದಣಿ ಇಲ್ಲಿಲ್ಲ. ಗೋಡೆ ತೀರ ಸರಳ. ಹಾಗೆಂದು ಯಾರೂ ಅದನ್ನು ಗುಡಿಯಲ್ಲ ಎಂದಿಲ್ಲ. ಸರಳವಾಗಿದ್ದೂ ಸುಂದರವಾಗಿರುವುದಕ್ಕೆ 'ಸೌಮ್ಯ' ಎಂಬ ಮಾತು ನಮಗೆ ಮನೆಯ ಮಾತೇ.

ಇನ್ನು ತೊಡುವುದು. ಬಿಳಿ ರವಿಕೆಗೆ ಅಂಚು ಗಟ್ಟಿಯಾಗಿರುವ ಸೀರೆ ಬೇಕು. ಕಪ್ಪು, ಕಡುನೀಲಿ, ಎಲೆಹಸಿರು, ಇಟ್ಟಿಗೆ ಕೆಂಪು ಇವುಗಳ ಪಕ್ಕದಲ್ಲಿ ಬಿಳಿಗೆ ಜೀವ ಬರುತ್ತದೆ. ಮಾಸಲು ಬಣ್ಣದ ಸೀರೆಗೆ ಹಾಲುಬಿಳಿ ತೊಟ್ಟರೆ ಸೀರೆ ಹಳೆಯದಾಗಿ ಕಾಣುತ್ತದೆ. ಅದಕ್ಕೆ ಕೋರಾ ಬಿಳಿಯೇ ಸರಿ. ಸೀರೆಯ ಒಡಲಿನಲ್ಲಿ ಎಲ್ಲಿಯಾದರೂ ಒಂದು ಬಿಳಿಯ ಗೆರೆಯೋ ಚುಕ್ಕಿಯೋ ಇದ್ದರೆ ರವಿಕೆಗೂ ಸೀರೆಗೂ ನೆಂಟಸ್ತಿಕೆ ತಾನಾಗಿ ಕುದುರುತ್ತದೆ.

ಬಿಳಿಯನ್ನು ಬಿಳಿಯಾಗಿಯೇ ಉಳಿಸಿಕೊಳ್ಳುವುದು ನಮ್ಮೂರಲ್ಲಿ ಒಂದು ತಪಸ್ಸು. ಮಂಡ್ಯ ಜಿಲ್ಲೆ ಎಂದೊಡನೆ ಕಬ್ಬು, ಭತ್ತ, ಕನ್ನಂಬಾಡಿಯ ನಾಲೆ ಎಂದು ಬೆಂಗಳೂರಿನವರು ಕಣ್ಣರಳಿಸುತ್ತಾರೆ. ನಾಗಮಂಗಲ ಹೆಚ್ಚಾಗಿ ಆ ಭಾಗ್ಯದ ಹೊರಗಿನದು. ರಾಗಿ, ತೆಂಗು, ಕೆರೆ, ಮಳೆ ಇವನ್ನು ನಂಬಿದ ನೆಲ. ಕೆಮ್ಮಣ್ಣಿನ ಧೂಳು ಮೇಲಿನಿಂದ, ಕೊಳವೆ ಬಾವಿಯ ಗಡಸು ನೀರು ಕೆಳಗಿನಿಂದ. ನಡುವೆ ಬಿಳಿ ರವಿಕೆ. ನಮ್ಮ ತಾಯಿಯ ಕಾಲದಲ್ಲಿ ಮಡಿವಾಳರು ಚೌಳು ಹಾಕಿ, ಉಬ್ಬೆಗಿಟ್ಟು, ಕೆರೆಯ ಕಲ್ಲಿನ ಮೇಲೆ ಒಗೆದು ಕೊಡುತ್ತಿದ್ದರು. ಆಮೇಲೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಅದ್ದುವ ನೀಲಿ ಪುಡಿ ಬಂದಿತು, ಅದಾದ ಮೇಲೆ ಹನಿ ಲೆಕ್ಕದ ಉಜಾಲ. ನೀಲಿ ಕೊಳೆಯನ್ನು ತೆಗೆಯುವುದಿಲ್ಲ. ಬಟ್ಟೆಯ ಹಳದಿಯನ್ನು ಕಣ್ಣಿಗೆ ಮರೆಸುತ್ತದೆ, ಅಷ್ಟೆ. ಅನ್ನದ ಗಂಜಿಯನ್ನು ತೆಳ್ಳಗೆ ಸೋಸಿ ಹಾಕಿ, ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿದರೆ ಬಿಳಿ ರವಿಕೆ ಬಹುಕಾಲ ನಿಯತ್ತಾಗಿರುತ್ತದೆ.

ಬಿಳಿಯ ಪರಮ ಶತ್ರು ಅರಿಸಿನ. ಅರಿಸಿನದ ಕಲೆಗೆ ಸೋಪು ತಿಕ್ಕಿದರೆ ಅದು ಹೋಗುವುದಿರಲಿ, ಸೋಪಿನ ಕ್ಷಾರಕ್ಕೆ ಕೆಂಪಾಗಿ ನಿಮ್ಮನ್ನೇ ದುರುಗುಟ್ಟಿ ನೋಡುತ್ತದೆ. ಹೆದರಬೇಕಾಗಿಲ್ಲ. ಒಗೆದು ಎರಡು ದಿನ ಬಿಸಿಲಿಗೆ ಹಾಕಿ. ಅರಿಸಿನದ ಬಣ್ಣ ಬಿಸಿಲನ್ನು ತಾಳಲಾರದು. ಆದರೆ ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಸಿನ ಕುಂಕುಮ ಹಚ್ಚದೆ ತೊಡುವ ಹಾಗಿಲ್ಲ. ಪ್ರತಿಯೊಂದು ಹೊಸ ಬಿಳಿ ರವಿಕೆಯ ಒಳಪಟ್ಟಿಗೂ ನಮ್ಮ ತಾಯಿ ಒಂದು ಹಳದಿ ಬೊಟ್ಟು ಇಟ್ಟು, "ಬರೀ ಬಿಳೀದು ತೊಡಬಾರದಮ್ಮ" ಎನ್ನುತ್ತಿದ್ದರು. ಆ ಮಾತಿನ ಹಿಂದೆ ಏನಿದೆಯೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಮ್ಮ ಅಜ್ಜಿಗೆ ಒಬ್ಬ ಅಕ್ಕನಿದ್ದಳು. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಹದಿಮೂರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಬೋಳಿಸಿದ ತಲೆ, ಮಡಿಯ ಕೆಂಪು ಸೀರೆ. ರವಿಕೆ ಇಲ್ಲ. ಮಾಗಿಯ ಚಳಿಯಲ್ಲಿಯೂ ಇಲ್ಲ, ಜ್ವರ ಬಂದಾಗಲೂ ಇಲ್ಲ. ನಾನು ಶಾಲೆಗೆ ಹೊರಡುವಾಗ ನನ್ನ ಬಿಳಿ ರವಿಕೆಯನ್ನು ನೋಡುತ್ತಾ ಕಂಬದ ಪಕ್ಕದಲ್ಲಿ ಕೂತಿರುತ್ತಿದ್ದಳು. ಮುಟ್ಟುವಂತಿಲ್ಲ, ಮಡಿ. ಒಂದು ದಿನ, "ತೋಳು ಬಿಗಿಯಾಗೋಲ್ಲವೇನೇ?" ಎಂದು ಕೇಳಿದಳು. ಇಲ್ಲವೆಂದೆ. "ನನಗೂ ಒಂದಿತ್ತು ಕಣೇ, ಹಸಿರುದು" ಎಂದು ಹೇಳಿ ಬತ್ತಿ ಹೊಸೆಯತೊಡಗಿದಳು. ಐವತ್ತು ವರ್ಷದ ಹಿಂದಿನ ರವಿಕೆಯ ಬಣ್ಣ ಆಕೆಗೆ ನೆನಪಿತ್ತು.

ಗಮನಿಸಬೇಕಾದದ್ದೆಂದರೆ, ನಮ್ಮ ಮನೆಯಲ್ಲಿ ವೈಧವ್ಯದ ಬಣ್ಣ ಕೆಂಪು. ಅದೇ ಊರಿನ ಇತರ ಎಷ್ಟೋ ಮನೆಗಳಲ್ಲಿ ಬಿಳಿ. ಬಿಳಿಯ ಮುಂಡಿನ ಕೇರಳದಲ್ಲಿ ಅದು ಮದುವೆಗೂ ಹಬ್ಬಕ್ಕೂ ಸಲ್ಲುತ್ತದೆ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿಯುಟ್ಟು ಮದುವೆಯಾದ ಮೇಲೆ ಇಂಗ್ಲೆಂಡಿನ ಮದುಮಗಳ ಬಣ್ಣವೇ ಬಿಳಿಯಾಗಿ ನಿಂತಿತು. ಬಣ್ಣಕ್ಕೆ ತನ್ನದೆಂಬ ಅರ್ಥವಿಲ್ಲ. ನಾವು ಹೊರಿಸಿದ್ದನ್ನು ಅದು ಹೊರುತ್ತದೆ. ರವಿಕೆಯೂ ಅಷ್ಟೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದು ಹೋರಾಡಿದ ಮೇಲೆ, 1859ರಲ್ಲಿ ಅಲ್ಲಿನ ಮಹಾರಾಜರ ಅಪ್ಪಣೆಯಾಯಿತು. ಅದೂ ಮೇಲುಜಾತಿಯವರ ಹಾಗೆ ಮಾತ್ರ ತೊಡಕೂಡದು ಎಂಬ ಷರತ್ತಿನೊಡನೆ. ಒಂದು ಗಜ ಬಟ್ಟೆ. ಅದನ್ನು ಯಾರು ತೊಡಬೇಕು, ಯಾರು ತೊಡಬಾರದು, ಯಾವ ಬಣ್ಣದ್ದು ತೊಡಬೇಕು ಎಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿದೆ. ತೊಡುವವಳ ಮಾತನ್ನು ಕೇಳುವುದು ಮಾತ್ರ ಅದಕ್ಕೆ ತೋಚಿದ್ದು ಬಹಳ ತಡವಾಗಿ.

2019ರಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಸಂಜೆ ಬಸ್ ನಿಲ್ದಾಣದ ಗದ್ದಲದಲ್ಲಿ, "ಬಿಳಿ ತೋಳು ಕಂಡಿತು, ಸರಿ ನೀನೇ ಎಂದುಕೊಂಡೆ" ಎಂದು ಚೀಲ ಇಸಿದುಕೊಳ್ಳುತ್ತಿದ್ದ ಮನುಷ್ಯ. ಕರ್ಮಗಳೆಲ್ಲ ಮುಗಿದ ಮೇಲೆ ನನ್ನ ರವಿಕೆಗಳ ವಿಚಾರ ಎದ್ದಿತು. ನನಗೆ ಆಶ್ಚರ್ಯವಾದದ್ದು ಅದು ಎದ್ದ ದಿಕ್ಕಿನಿಂದ. ನಮ್ಮ ಓರಗಿತ್ತಿ ಹಳೆಯ ಕಾಲದಾಕೆ. ಅವಳು, "ಪಾಪ, ಬಿಳಿ ಹೇಗೂ ಅಭ್ಯಾಸವಿದೆ, ಕಷ್ಟವಾಗೋಲ್ಲ ಬಿಡು" ಎಂದಳು. ಬೆಂಗಳೂರಿನ ನನ್ನ ಮಗಳು ಹೊಸ ಕಾಲದವಳು. ನನ್ನ ಬೀರುವಿನಿಂದ ಬಿಳಿ ರವಿಕೆಗಳನ್ನೆಲ್ಲ ತೆಗೆದು ಗಂಟು ಕಟ್ಟಿದಳು.

"ಇನ್ನು ಇವನ್ನು ಹಾಕ್ಕೋಬೇಡಮ್ಮ. ಬಣ್ಣದ್ದೇ ಹಾಕ್ಕೋ. ಜನ ಏನು ತಿಳ್ಕೋತಾರೆ? ನಾವೇ ಹಾಕಿಸಿದ್ದು ಅಂತಾರೆ."

ಅವಳ ಕಣ್ಣು ತುಂಬಿತ್ತು. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು. ಓರಗಿತ್ತಿಯದೂ ಪ್ರೀತಿಯೇ. ಒಬ್ಬಳು ಬಿಳಿ ತೊಡು ಎನ್ನುತ್ತಾಳೆ, ಇನ್ನೊಬ್ಬಳು ಬಿಳಿ ಬಿಡು ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ನನ್ನ ರವಿಕೆ ನನ್ನ ಗಂಡನ ವಿಷಯವನ್ನೇ ಹೇಳಬೇಕು. ನಲವತ್ತೈದು ವರ್ಷ ನನ್ನ ವಿಷಯ ಹೇಳಿಕೊಂಡು ಬಂದ ಬಟ್ಟೆ ಒಂದೇ ದಿನದಲ್ಲಿ ಮಾತು ಬದಲಾಯಿಸಬೇಕು!

"ನಾನು ಬಿಳಿ ತೊಡೋಕೆ ಶುರುಮಾಡಿದ್ದು ಯಾವಾಗ, ಹೇಳು?" ಎಂದು ಕೇಳಿದೆ.

"ಕೆಲಸಕ್ಕೆ ಸೇರಿದಾಗ."

"ಆಗ ನಿಮ್ಮಪ್ಪ ಯಾರು ಅಂತ ನನಗೆ ಗೊತ್ತಿತ್ತೇ?"

ಹಣೆಯ ಕುಂಕುಮ ಹುಟ್ಟಿದಾಗಿನಿಂದ ಬಂದದ್ದು, ಗಂಡನಿಂದ ಬಂದದ್ದಲ್ಲ ಎಂದು ನಮ್ಮಲ್ಲಿ ಅನೇಕರು ಈಗ ವಾದಿಸುತ್ತಾರೆ. ನಾನೂ ಒಪ್ಪಿ ಇಟ್ಟುಕೊಂಡಿದ್ದೇನೆ. ಅದೇ ನ್ಯಾಯ ಬಿಳಿ ರವಿಕೆಗೂ ಸಲ್ಲಬೇಡವೇ? ಸರಸ್ವತಿಗೆ ಬಿಳಿಯುಡಿಸಿ ಕೈಮುಗಿಯುತ್ತೇವೆ; ಅವಳ ಪಾಠ ಹೇಳಿದವಳಿಗೆ ಅದು ಅಮಂಗಳ ಹೇಗಾದೀತು? ಮಗಳು ಗಂಟು ಬಿಚ್ಚಲಿಲ್ಲ. ಎತ್ತಿಕೊಂಡೂ ಹೋಗಲಿಲ್ಲ. ಅವಳು ಊರಿಗೆ ಹೋದ ಮೇಲೆ ನಾನೇ ಬಿಚ್ಚಿ, ಒಂದೊಂದನ್ನೂ ಬಿಸಿಲಿಗೆ ಹಾಕಿ ಬೀರುವಿಗೆ ಸೇರಿಸಿದೆ.

ಮರುವರ್ಷ ಹತ್ತಿರದ ಹಳ್ಳಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹಸಿರು ಸೀರೆ, ಬಿಳಿ ರವಿಕೆ. ತಾಂಬೂಲದ ತಟ್ಟೆ ಹಿಡಿದು ಸಾಲಾಗಿ ಕೊಟ್ಟುಕೊಂಡು ಬರುತ್ತಿದ್ದ ಹಿರಿಯ ಹೆಂಗಸು ನನ್ನ ಮುಂದೆ ಬಂದು ತಡೆದಳು. ನನ್ನ ಕೊರಳು ನೋಡಿದಳು, ರವಿಕೆ ನೋಡಿದಳು. ಕಣದ ಮೇಲಿದ್ದ ಕೈ ಹಾಗೇ ನಿಂತಿತು. ಆ ಕ್ಷಣಗಳು ಉದ್ದವಾಗಿರುತ್ತವೆ, ಅನುಭವಿಸಿದವರಿಗೆ ಗೊತ್ತು. ಅಷ್ಟರಲ್ಲಿ ಮನೆಯ ಸೊಸೆ ಒಳಗಿನಿಂದ ಬಂದಳು. ನನ್ನ ಹತ್ತಿರ ಏಳನೆಯ ತರಗತಿ ಓದಿದ ಹುಡುಗಿ. "ಅತ್ತೆ, ಮಿಸ್ಸಿಗೆ ಬೇರೆ ಐತೆ" ಎಂದಳು. ಬೇರೆ ಎಂದರೆ ಹೂವು ಹಣ್ಣು ಕೊಟ್ಟು ಕಳಿಸುವುದೇನೋ ಎಂದುಕೊಂಡೆ. ಅವಳು ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆಯ ಮೇಲಿಟ್ಟು ಕೊಟ್ಟದ್ದು ಒಂದು ಮೀಟರು ಬಿಳಿ ರುಬಿಯಾ. "ಬೇರೆ ಬಣ್ಣ ಕೊಟ್ರೆ ನೀವು ಹೊಲಿಸಲ್ಲ ಅಂತ ಗೊತ್ತು ಮಿಸ್" ಎಂದಳು. ಶುಭಕಾರ್ಯದಲ್ಲಿ ಬಿಳಿಯ ಕಣವೇ ಎಂದು ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಆ ಹಿರಿಯ ಹೆಂಗಸು ಏನೂ ಅನ್ನದೆ ಮುಂದಿನವರ ಕಡೆಗೆ ತಟ್ಟೆ ತಿರುಗಿಸಿದಳು. ಹುಡುಗಿ ಕ್ರಾಂತಿ ಮಾಡಲು ಹೊರಟವಳೇನಲ್ಲ. ತನ್ನ ಮಿಸ್ಸಿಗೆ ಏನು ಒಪ್ಪುತ್ತದೆ ಎಂಬುದಷ್ಟನ್ನೇ ನೆನಪಿಟ್ಟಿದ್ದಳು. ದೊಡ್ಡಜ್ಜಿಗೆ ಹಾಗೆ ನೆನಪಿಟ್ಟು ಹಸಿರು ಕಣ ಕೊಡುವವರು ಒಬ್ಬರೂ ಇರಲಿಲ್ಲ.

ಹಾಗೆಂದು ನಾನು ಬಿಳಿಯ ಸಂನ್ಯಾಸ ತೊಟ್ಟವಳಲ್ಲ. ಮಗಳು ಪ್ರತಿ ದೀಪಾವಳಿಗೂ ಬಣ್ಣದ್ದೊಂದು ಕಳಿಸುತ್ತಾಳೆ; ಮನಸ್ಸು ಬಂದ ದಿನ ಅದನ್ನೂ ತೊಡುತ್ತೇನೆ. ಮೊಮ್ಮಗಳು ಈಚೆಗೆ ಗಂಡಸರ ಬಿಳಿ ಅಂಗಿಯನ್ನೇ ರವಿಕೆ ಮಾಡಿಕೊಂಡು ಸೀರೆಯುಟ್ಟು ಕಾಲೇಜಿನ ಸಮಾರಂಭಕ್ಕೆ ಹೋದಳು. ಅವಳ ಅಮ್ಮ ಫೋನಿನಲ್ಲಿ ನನ್ನ ಬಳಿ ದೂರಿದಳು. "ಭುಜದ ಹೊಲಿಗೆ ಭುಜದ ಮೇಲೇ ಇತ್ತೋ, ಕೆಳಗೆ ಜಾರಿತ್ತೋ?" ಎಂದು ವಿಚಾರಿಸಿದೆ. ಮೇಲೇ ಇತ್ತಂತೆ. "ಹಾಗಾದರೆ ಸರಿ" ಎಂದೆ.

ಇಷ್ಟೆಲ್ಲ ಓದಿದ ಮೇಲೆ ಬಿಳಿ ರವಿಕೆ ಕೊಳ್ಳಬೇಕೆಂದು ಯಾವ ಸೋದರಿಗಾದರೂ ಅನ್ನಿಸಿದರೆ, ಇಷ್ಟು ಮಾತ್ರ ನೆನಪಿಡಿ: ಒಬ್ಬರೇ ಹೋಗಿ, ಹಗಲು ಹೊತ್ತಿನಲ್ಲಿ ಹೋಗಿ, ಬಟ್ಟೆಯನ್ನು ಬಾಗಿಲಿಗೆ ತಂದು ನಿಮ್ಮ ಮುಖ ನೋಡಿಕೊಳ್ಳಿ, ಉಳಿದವರ ಮುಖ ನೋಡಬೇಡಿ. ಅಳತೆಗಿಂತ ಕಾಲು ಮೀಟರು ಹೆಚ್ಚಾಗಿಯೇ ಹರಿಸಿಕೊಳ್ಳಿ. ಒಗೆದಂತೆಲ್ಲ ಬಟ್ಟೆ ಕುಗ್ಗುತ್ತದೆ, ವಯಸ್ಸಾದಂತೆಲ್ಲ ನಾವು ಹಿಗ್ಗುತ್ತೇವೆ. ಒಳಗೆ ಮಡಿಚಿ ಹೊಲಿಸಿಟ್ಟ ಬಟ್ಟೆ ಇದ್ದರೆ ಎರಡಕ್ಕೂ ದಾರಿಯುಂಟು.